ಹಡಗಿಗೆ ಮುಂಚಿನ ಎರಡು ದಿನ

ನೀರಿನ ಟ್ಯಾಂಕರ್ ಬಂದು ಹಾರ್ನ್ ಹೊಡೆದಾಗ ನಂದಿತಾ ಎದ್ದು ಹೋಗಿ ಸಂಪಿನ ಮುಚ್ಚಳ ತೆಗೆದಳು. ಡ್ರೈವರು ಪೈಪು ಎಳೆಯುತ್ತಾ ಎಂದಿನಂತೆ "ಸಾರ್ ಇಲ್ವಾ ಮೇಡಂ?" ಎಂದ. ಕೇಳಿದ ಮೇಲೆ ಗೇಟಿಗೆ ಒರಗಿಸಿಟ್ಟಿದ್ದ ಶಾಮಿಯಾನದ ಕಂಬಗಳು ಅವನ ಕಣ್ಣಿಗೆ ಬಿದ್ದವು. ಪೈಪನ್ನು ಸಂಪಿನೊಳಗೆ ಇಳಿಬಿಟ್ಟು ಲಾರಿಯ ಆಚೆ ಬದಿಗೆ ಹೋಗಿ ನಿಂತುಬಿಟ್ಟ. ನೀರು ತುಂಬುವವರೆಗೂ ಈಚೆಗೆ ಬರಲಿಲ್ಲ.

ಕೆ.ಆರ್. ಪುರದ ಆ ಮನೆಯಿಂದ ಕೊನೆಯ ನೆಂಟರು ಹಿಂದಿನ ಸಂಜೆಯಷ್ಟೇ ಹೊರಟಿದ್ದರು. ಉಳಿದವರು ಅತ್ತೆ ಮಂಜುಳಮ್ಮ ಮತ್ತು ಗಂಡ ಸುಗತನ ಚಿಕ್ಕಪ್ಪ ಅಂಜನಮೂರ್ತಿ. ಅತ್ತೆ ಒಲೆ ಹೊತ್ತಿಸಿ ಅಕ್ಕಿ ತೊಳೆದಿದ್ದರು. ಎಷ್ಟು ಜನಕ್ಕೆ ಅಕ್ಕಿ ಹಾಕಬೇಕು ಎಂದು ಪಾವು ಹಿಡಿದು ನಿಂತವರು ಕಡೆಗೆ ಎಂದಿನಷ್ಟೇ ಹಾಕಿದ್ದರು.

ನಂದಿತಾ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಫೋರ್ಟ್ ಕೊಚ್ಚಿಯ ಹೋಂಸ್ಟೇ ನಡೆಸುವ ಹೆಂಗಸು. ಗುರುವಾರ ನಿಮ್ಮ ರೈಲು ಎಷ್ಟು ಗಂಟೆಗೆ, ಬೆಳಗಿನ ತಿಂಡಿಗೆ ಅಪ್ಪಂ ಆಗಬಹುದಾ, ಮೀನು ತಿನ್ನುತ್ತೀರಾ ಎಂದು ಒಂದೊಂದಾಗಿ ವಿಚಾರಿಸಿದಳು. ರೂಮು ಮೇಲಿನದೇ ಕೊಟ್ಟಿದ್ದೇನೆ, ನಿಮ್ಮ ಯಜಮಾನರು ಹಡಗು ಕಾಣಬೇಕು ಅಂತ ಅಷ್ಟು ಸಲ ಹೇಳಿದ್ದರು ಎಂದಳು. ನಂದಿತಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅಪ್ಪಂ ಆಗುತ್ತದೆ, ಮೀನು ತಿನ್ನುತ್ತೇವೆ. ಫೋನ್ ಇಟ್ಟ ಮೇಲೂ ತಾನು ಸುಳ್ಳು ಹೇಳಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

ಲಕ್ಷದ್ವೀಪಕ್ಕೆ ಹೋಗುವ ಹಡಗು ಅದು. ಮದುವೆಯಾದಾಗಿನಿಂದ ಮುಂದೂಡುತ್ತಾ ಬಂದಿದ್ದ ಪ್ರವಾಸ. ಹಡಗಿಗಿಂತ ಅದಕ್ಕೆ ಮುಂಚಿನ ಎರಡು ದಿನಗಳ ಬಗ್ಗೆಯೇ ಗಂಡ ಹೆಂಡತಿ ಹೆಚ್ಚು ಮಾತಾಡಿದ್ದರು. ನೇರ ಬಂದರಿಗೆ ಹೋಗಿ ಹತ್ತಿಬಿಡೋಣ, ರಜೆ ಉಳಿಯುತ್ತದೆ ಎಂದು ನಂದಿತಾ ಹೇಳಿದ್ದಳು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಇತ್ತು. ಸುಗತ ಒಪ್ಪಲಿಲ್ಲ. "ಒಳಗೆ ಹತ್ತಿದ್ಮೇಲೆ ಹಡಗು ಎಲ್ಲಿ ಕಾಣುತ್ತೆ? ರೂಮು ಕಾಣುತ್ತೆ, ಊಟದ ಹಾಲ್ ಕಾಣುತ್ತೆ. ಹಡಗು ನೋಡ್ಬೇಕು ಅಂದ್ರೆ ಹೊರಗೆ ನಿಂತ್ಕೊಂಡೇ ನೋಡ್ಬೇಕು ಕಣೇ." ಒಂದು ಭಾನುವಾರ ಅವಳನ್ನು ಹಲಸೂರು ಕೆರೆಗೆ ಕರೆದುಕೊಂಡು ಹೋಗಿ ದೋಣಿಯಲ್ಲಿ ಕೂರಿಸಿದ್ದ. ವಾಂತಿ ಬರುತ್ತದೋ ಇಲ್ಲವೋ ನೋಡಲು ಇದು ಟ್ರಯಲ್ ಎಂದಿದ್ದ. ಅವಳಿಗೇನೂ ಆಗಲಿಲ್ಲ. ತಲೆ ಸುತ್ತಿ ದಡದಲ್ಲಿ ಕೂತವನು ಅವನೇ.

ಎರಡು ದಿನದ ಯೋಚನೆ ಅವನ ತಲೆಗೆ ಹಾಕಿದ್ದು ಚಾಂದ್ ಬೀ. ಸುಗತ ಕೆಲಸ ಮಾಡುತ್ತಿದ್ದ ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ಪಕ್ಕದ ಮೆಷಿನ್ನಿನವನು ಮೊಹ್ಸಿನ್. ಚಾಂದ್ ಬೀ ಅವನ ತಾಯಿ. ಶಿವಾಜಿನಗರದ ಅವರ ಮನೆಗೆ ದೊಡ್ಡ ಸೂಟ್‌ಕೇಸ್ ಕೇಳಿ ತರಲು ಹೋದವನನ್ನು ಆಕೆ ಕೂರಿಸಿಕೊಂಡು ತಮ್ಮ ತಂದೆಯ ಕಥೆ ಹೇಳಿದ್ದರಂತೆ. ಆ ಕಾಲದಲ್ಲಿ ಹಜ್‌ಗೆ ಬೊಂಬಾಯಿಯಿಂದ ಹಡಗು. ಹಡಗು ಬರುವವರೆಗೂ ಯಾತ್ರಿಗಳು ತಂಗುವ ಮುಸಾಫಿರ್‌ಖಾನೆಯಲ್ಲಿ ಕಾಯಬೇಕು. ಕಾಯುತ್ತಾ ಅವರು ಊರೆಲ್ಲ ಸುತ್ತಿದ್ದರು. ಸಾಯುವವರೆಗೂ ಸಮುದ್ರದ ಸುದ್ದಿ ಎತ್ತಿದವರಲ್ಲ, ಆ ಕಾದ ದಿನಗಳದ್ದೇ ಮಾತು. ಸುಗತ ಆ ಕಥೆಯನ್ನೂ ಸೂಟ್‌ಕೇಸನ್ನೂ ಒಟ್ಟಿಗೇ ಹೊತ್ತು ತಂದಿದ್ದ. ಹಜ್‌ಗೆ ಹೋಗಿಬಂದ ಸೂಟ್‌ಕೇಸ್. ಮುಚ್ಚಳದ ಉದ್ದಗಲಕ್ಕೂ ಬಿಳಿ ಪೇಂಟಿನಲ್ಲಿ ಚಾಂದ್ ಬೀ, ಬೆಂಗಳೂರು ಎಂದು ಬರೆದಿತ್ತು. "ಹಡಗಲ್ಲಿ ಎಲ್ರೂ ನನ್ನ ಚಾಂದ್ ಬೀ ಅಂತ್ಲೇ ಕರೀತಾರೆ ನೋಡ್ತಿರು" ಎಂದು ನಕ್ಕಿದ್ದ. ಪ್ರಯಾಣ ಇನ್ನೂ ದೂರವಿರುವಾಗಲೇ ತನ್ನ ಒಳ್ಳೆಯ ಬಟ್ಟೆಗಳನ್ನೆಲ್ಲ ಅದರಲ್ಲಿ ತುಂಬಿ ಬಾಗಿಲ ಬಳಿ ನಿಲ್ಲಿಸಿದ್ದ. ಒಂದು ಮಧ್ಯಾಹ್ನ ಮೆಷಿನ್ನಿನ ಮುಂದೆ ನಿಂತಲ್ಲೇ ಕುಸಿದ. ಆಸ್ಪತ್ರೆಗೆ ಹೊತ್ತೊಯ್ದವನು ಮೊಹ್ಸಿನ್.

ಎರಡನೆಯ ಫೋನ್ ಬಂದದ್ದು ಅವರು ಊಟಕ್ಕೆ ಕೂತಾಗ. ಮೊಹ್ಸಿನ್‌ನ ನಂಬರು, ಮಾತಾಡಿದವರು ಚಾಂದ್ ಬೀ. ಮಂಡಿ ನೋವಿನಿಂದ ಮಣ್ಣಿಗೆ ಬರಲಾಗಲಿಲ್ಲ ಎಂದು ಬಹಳ ಹೊತ್ತು ಪೇಚಾಡಿದರು. ನಂದಿತಾ ಹ್ಞೂಂಗುಟ್ಟಿದಳು. ಆಮೇಲೆ ಆಕೆಯ ದನಿ ತಗ್ಗಿತು.

"ಬೇಟಿ, ಸೂಟ್‌ಕೇಸ್‌ಗೆ ಅರ್ಜೆಂಟಿಲ್ಲ. ಮುಚ್ಚಳದ ಜಿಪ್ಪಲ್ಲಿ ನನ್ನದೊಂದು ಬಟ್ಟೆ ಐತೆ, ತೆಗೆದಿಟ್ಕೊಳ್ಳೋದು ಮರ್ತೇ ಹೋಯ್ತು ನೋಡು. ನನ್ನ ಕಫನ್ ಅದು, ನಾನು ಹೋದ್ಮೇಲೆ ನಂಗೆ ಹೊದಿಸೋದು. ಮಕ್ಕಾದಲ್ಲಿ ಜಮ್‌ಜಮ್ ಬಾವಿ ನೀರಲ್ಲಿ ಅದ್ದಿ ತಂದಿದ್ದು. ನಮ್ಮ ಯಜಮಾನರದ್ದೊಂದು, ನನ್ನದೊಂದು. ಅವರದ್ದು ಅವರಿಗಾಯ್ತು. ನನ್ನದು ಸ್ವಲ್ಪ ಜೋಪಾನ ಮಾಡಮ್ಮ."

ನಂದಿತಾ ಊಟದ ತಟ್ಟೆ ಬಿಟ್ಟು ಎದ್ದಳು. ಸೂಟ್‌ಕೇಸ್ ಬಾಗಿಲ ಬಳಿಯಿಂದ ಮಂಚದ ಪಕ್ಕಕ್ಕೆ ಬಂದಿತ್ತು. ತೆರೆದಳು. ಬಟ್ಟೆಗಳನ್ನು ಯಾರೋ ಕೆದಕಿದ್ದರು. ಹೊಸ ಅಂಗಿ ಇರಲಿಲ್ಲ, ಅದನ್ನು ಅವನಿಗೇ ತೊಡಿಸಿದ್ದರು. ಮುಚ್ಚಳದ ಜಿಪ್ಪು ಪೂರ್ತಿ ತೆರೆದೇ ಇತ್ತು. ಒಳಗೆ ಒಂದು ಖಾಲಿ ಪ್ಲಾಸ್ಟಿಕ್ ಕವರು. ಅದನ್ನು ಹೊರಗೆಳೆಯುತ್ತಿದ್ದಂತೆ ಅತ್ತರಿನ ವಾಸನೆ ಬಂತು. ಆ ವಾಸನೆ ಅವಳಿಗೆ ಗೊತ್ತಿತ್ತು. ಹಾಲಿನಲ್ಲಿ ಅವನನ್ನು ಮಲಗಿಸಿದ್ದಾಗ, ಬುದ್ಧವಿಹಾರದ ಭಂತೇಜಿ ತ್ರಿಸರಣ ಹೇಳುತ್ತಿದ್ದಾಗ, ಅವಳು ಅವನ ಎದೆಯ ಮೇಲೆ ಬಗ್ಗಿದ್ದಳು. ಆಗ ಇದೇ ವಾಸನೆ. ಯಾರೋ ಬಂದವರು ಚಿಮುಕಿಸಿರಬೇಕು ಎಂದುಕೊಂಡಿದ್ದಳು.

ಅಂಜನಮೂರ್ತಿ ಬಾಗಿಲಲ್ಲಿ ನಿಂತಿದ್ದರು. ಇದರಲ್ಲಿದ್ದ ಚಾಂದ್ ಬೀಯ ಕಫನ್ ಎಲ್ಲಿ ಎಂದು ಅವಳು ಕೇಳಿದ ತಕ್ಷಣ ಅವರ ಮುಖ ಕಳೆಗುಂದಿತು. ಆಸ್ಪತ್ರೆಯವರು ಹೊದಿಸಿದ್ದ ಬಟ್ಟೆ ಕಲೆಯಾಗಿತ್ತು, ಕಾಲೆಲ್ಲ ಆಚೆ ಇತ್ತು. ಒಳ್ಳೆಯ ಅಂಗಿ ತೆಗೆಯಲು ಸೂಟ್‌ಕೇಸ್ ತೆರೆದೆ, ಬಿಳಿ ಬಟ್ಟೆ ಸಿಕ್ಕಿತು. ಭಂತೇಜಿಗೆ ದಾನ ಕೊಡಲು ಸುಗತನೇ ತಂದಿಟ್ಟಿರಬೇಕು ಎಂದುಕೊಂಡೆ ಎಂದರು. ನಮ್ಮಲ್ಲಿ ಬಿಳಿ ತಾನೇ ಹೊದಿಸುವುದು ಎಂದರು. ಅದನ್ನೇ ಎರಡು ಸಲ ಹೇಳಿದರು.

"ಮಣ್ಣಾಗಿರೋದನ್ನ ಈಗ ತೆಗಿಯಕ್ಕಾಗುತ್ತೇನಮ್ಮ?"

ತೆಗೆಯಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಆ ಮಾತು ಮೂವರ ನಡುವೆ ಬಂದು ಕೂತಿತು. ಕಡೆಗೆ ಮಂಜುಳಮ್ಮ ಎಂಜಲು ಕೈಯಲ್ಲೇ ಬಂದು ನಿಂತರು.

"ಬಿಳೀ ಬಟ್ಟೆ ತಾನೆ. ಅಂಥದ್ದೇ ಇನ್ನೊಂದು ತಂದು ಅದೇ ಕವರಲ್ಲಿ ಇಟ್ಕೊಟ್ಬಿಡು. ಆಯಮ್ಮನ್ನ ಯಾಕೆ ನೋಯಿಸ್ತೀಯ. ಈಗ ನಾವು ನೊಂದಿರೋದು ಸಾಕು."

ನಂದಿತಾ ಸುಗತನ ಬಟ್ಟೆಗಳನ್ನು ಒಂದೊಂದಾಗಿ ಮಂಚದ ಮೇಲೆ ತೆಗೆದಿಟ್ಟಳು. ಈಜಲು ಬಾರದವನು ಎರಡು ಈಜುಚಡ್ಡಿ ತುಂಬಿಕೊಂಡಿದ್ದ. ಖಾಲಿ ಸೂಟ್‌ಕೇಸ್ ಎಳೆದುಕೊಂಡು ಅವಳು ಶಿವಾಜಿನಗರದ ಬಸ್ಸು ಹತ್ತಿದಳು. ಚಕ್ರದ ಸದ್ದಿಗೆ ಜನ ತಿರುಗಿ ನೋಡಿದರು. ಊರಿಗೆ ಹೊರಟಿದ್ದೀರಾ ಎಂದು ಪಕ್ಕದ ಸೀಟಿನ ಹೆಂಗಸು ಕೇಳಿದಾಗ ಹೌದೆಂದಳು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಕಫನ್ ಬಟ್ಟೆಯ ಅಂಗಡಿ ಇತ್ತು. ಹೊರಗೆ ಬೋರ್ಡು ಸಣ್ಣದು, ಒಳಗೆ ಗೋಡೆಯುದ್ದಕ್ಕೂ ಬಿಳಿ ಥಾನುಗಳು. ಗಲ್ಲಾದಲ್ಲಿ ಕೂತಿದ್ದ ಜಿಯಾವುಲ್ಲಾ ಎಂಬ ವಯಸ್ಸಾದವರು ಅವಳ ಹಣೆಯನ್ನೂ ಸೂಟ್‌ಕೇಸಿನ ಮೇಲಿನ ಹೆಸರನ್ನೂ ನೋಡಿದರು.

"ಗಂಡಸರಿಗಾ, ಹೆಂಗಸರಿಗಾ?"

ಅವಳು ಹೆಂಗಸರಿಗೆ ಎಂದಳು. ಹೆಂಗಸರಿಗೆ ಐದು ತುಂಡು, ಬಟ್ಟೆ ಜಾಸ್ತಿ ಬೇಕು, ಎತ್ತರ ಎಷ್ಟು ಎಂದರು. ನಂದಿತಾ ಚಾಂದ್ ಬೀಯನ್ನು ನೆನೆದುಕೊಂಡು ತನ್ನ ಕಿವಿಯ ಹತ್ತಿರ ಕೈ ಹಿಡಿದು ತೋರಿಸಿದಳು. ತೋರಿಸಿದ ಮೇಲೆ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಮೈಯತ್ ಮಣ್ಣಿಗೆ ಎಷ್ಟೊತ್ತಿಗೆ ಎತ್ತೋದು?"

"ಇಲ್ಲ. ಇನ್ನೂ ಇದ್ದಾರೆ."

ಅವರು ಅಳೆಯುವುದನ್ನು ನಿಲ್ಲಿಸಿದರು. ಆಮೇಲೆ ತಲೆಯಾಡಿಸಿದರು. "ಮೊದಲೇ ತಗೊಂಡಿಡೋರು ಇದಾರಮ್ಮ. ಒಳ್ಳೇದೇ ಅದು." ಅಂಚಿಗೆ ಒಂದು ಕಚ್ಚು ಹಾಕಿ ಎರಡೂ ಕೈಯಿಂದ ಬಟ್ಟೆಯನ್ನು ಸರ್ರನೆ ಹರಿದರು. ಆ ಸದ್ದು ಅವಳಿಗೆ ಹಲ್ಲಿನೊಳಗೆ ಕೇಳಿಸಿತು. ಪಕ್ಕದ ಅತ್ತರಿನ ಅಂಗಡಿಯವನು ಅವಳ ಮುಂಗೈಗೆ ಒಂದಾದ ಮೇಲೊಂದು ಶೀಶೆಯ ಕಡ್ಡಿ ಸವರಿದ. ಯಾವುದೂ ಅದಲ್ಲ. ಸುಮಾರಾಗಿ ಹತ್ತಿರವೆನಿಸಿದ ಒಂದನ್ನು ಕೊಂಡು ಹೊಸ ಬಟ್ಟೆಗೆ ಸವರಿ ಹಳೆಯ ಕವರಿನೊಳಗೆ ತುರುಕಿ ಜಿಪ್ಪು ಎಳೆದಳು.

ಚಾಂದ್ ಬೀ ಮೊದಲ ಮಹಡಿಯಲ್ಲಿದ್ದರು. ಸೊಸೆ ಮೆಹ್ವಿಶ್ ಸೂಟ್‌ಕೇಸನ್ನು ಮೆಟ್ಟಿಲು ಹತ್ತಿಸಿ, ಚಹಾ ತರಲು ಒಳಗೆ ಹೋದಳು. ಮುದುಕಿ ಕಬ್ಬಿಣದ ಮಂಚದಿಂದ ಏಳಲಾರದೆ ಎರಡೂ ಕೈ ಚಾಚಿದರು. ನಂದಿತಾಳ ಮುಖವನ್ನು ಅಂಗೈಗಳಲ್ಲಿ ಹಿಡಿದು, ಇಷ್ಟು ಬೇಗ ಯಾಕೆ ತಂದೆ, ಯಾರು ಕೇಳಿದ್ದರು ಎಂದು ಬೈದರು. ಸುಗತ ಆ ದಿನ ಇದೇ ಮಂಚದ ಮೇಲೆ ಕೂತು ಖೀಮಾ ಪರೋಟ ತಿಂದದ್ದು, ಮೊಹ್ಸಿನ್ ಪಾಲನ್ನೂ ತಿಂದದ್ದು, ಎಲ್ಲ ಹೇಳಿದರು. ಹೇಳುತ್ತಲೇ ಅವರ ಕೈ ತಾನಾಗಿ ಮುಚ್ಚಳದ ಜಿಪ್ಪಿಗೆ ಹೋಯಿತು. ಕವರು ಹೊರಬಂತು.

ಅವರು ಅದನ್ನು ಬಿಚ್ಚಲಿಲ್ಲ. ಮೂಗಿಗೆ ಹಿಡಿದರು. ಮಾತು ಅರ್ಧಕ್ಕೇ ನಿಂತಿತು. ಆಮೇಲೆ ಕವರಿನೊಳಗೆ ಬೆರಳು ಹಾಕಿ ಬಟ್ಟೆಯ ಒಂದು ಮೂಲೆ ಎಳೆದು ನೋಡಿದರು. ಇನ್ನೊಂದು ಮೂಲೆ ನೋಡಿದರು. ನಾಲ್ಕೂ ಮೂಲೆ ನೋಡಿದರು. ಹೊಸ ಬಟ್ಟೆಯ ಗಂಜಿ ಅವರ ಬೆರಳಲ್ಲಿ ಸರಬರ ಎಂದಿತು.

"ಇಲ್ಲೊಂದು ಹಸಿರು ದಾರದ ಗಂಟು ಹಾಕಿದ್ದೆ" ಎಂದರು. "ಅವರದ್ದು ನನ್ನದು ಅದಲು ಬದಲಾಗ್ಬಾರದು ಅಂತ."

ನಂದಿತಾ ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದ ಮಾತುಗಳಿದ್ದವು. ಒಗೆದೆವು, ವಾಸನೆ ಬದಲಾಗಿರಬೇಕು. ಅವು ನಾಲಿಗೆಗೆ ಬರಲಿಲ್ಲ.

"ಸುಗತಂಗೆ ಹೊದಿಸಿಬಿಟ್ರು ಅಮ್ಮಿ."

ಸುಗತ ಆಕೆಯನ್ನು ಹಾಗೆ ಕರೆಯುತ್ತಿದ್ದ. ನಂದಿತಾ ಕರೆದದ್ದು ಅದೇ ಮೊದಲು. ಹೇಗಾಯಿತು ಎಂದು ಉಳಿದದ್ದನ್ನೂ ಹೇಳಿದಳು. ಅಂಗಡಿಗೆ ಹೋದದ್ದನ್ನೂ ಅತ್ತರು ಸವರಿದ್ದನ್ನೂ ಬಿಡಲಿಲ್ಲ. ಚಾಂದ್ ಬೀ ಕಿಟಕಿಯ ಕಡೆಗೆ ತಿರುಗಿ ಕೂತರು. ಮೆಹ್ವಿಶ್ ಚಹಾ ತಂದಿಟ್ಟು, ಇಬ್ಬರ ಮುಖ ನೋಡಿ, ಏನೂ ಕೇಳದೆ ಹೊರಟುಹೋದಳು. ಕೆಳಗೆ ಗಲ್ಲಿಯಲ್ಲಿ ಮಾಂಸದ ಅಂಗಡಿಯ ಕತ್ತಿ ಮರದ ತುಂಡಿನ ಮೇಲೆ ಬೀಳುತ್ತಿತ್ತು. ಚಹಾದ ಮೇಲೆ ಕೆನೆ ಕಟ್ಟಿತು.

"ನನ್ನ ಹತ್ರ ಅದೊಂದೇ ಇತ್ತು" ಎಂದರು ಚಾಂದ್ ಬೀ, ತಿರುಗದೆಯೇ. "ಅವರು ಹೋದ್ಮೇಲೆ ಅದೊಂದೇ. ಅವರು ಕೈಯಾರೆ ಹಿಂಡಿ ಒಣಗಿ ಹಾಕಿದ್ದು. ಇನ್ನೊಂದ್ಸಲ ಮಕ್ಕಾಕೆ ಹೋಗಕ್ಕೆ ಈ ಮಂಡಿ ಬಿಡುತ್ತಾ?"

ತಪ್ಪಾಯಿತು ಎನ್ನಬಹುದಿತ್ತು. ಅಷ್ಟು ಸಣ್ಣ ಮಾತನ್ನು ಎತ್ತಿ ಆ ಮಂಚದ ಮೇಲೆ ಇಡಲು ನಂದಿತಾಳಿಗೆ ಆಗಲಿಲ್ಲ.

ಮುದುಕಿ ಈಚೆಗೆ ತಿರುಗಿ ಕೇಳಿದರು. "ಕಾಲು ಮುಚ್ತಾ?"

"ಮುಚ್ತು. ಇನ್ನೂ ಉಳೀತು."

"ಉಳಿಯುತ್ತೆ. ಹೆಂಗಸರದ್ದು ಜಾಸ್ತಿ ಇರುತ್ತೆ." ಕಣ್ಣು ಒರೆಸಿಕೊಳ್ಳದೆ ಹೊಸ ಬಟ್ಟೆಯನ್ನು ಮಡಿಚತೊಡಗಿದರು. ಗಂಜಿಯ ಬಟ್ಟೆ ಹೇಳಿದಂತೆ ಕೇಳಲಿಲ್ಲ. ತೊಡೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಒತ್ತಿ ಮಡಿಚಿದರು. "ಎತ್ತರದ ಹುಡುಗ. ಎರಡು ದಿನ ಅಲ್ಲಿ ಏನೇನ್ ನೋಡೋರಿದ್ರಿ?"

ನಂದಿತಾ ಹೇಳಿದಳು. ಗುರುವಾರ ಸಂಜೆ ರೈಲಿಳಿದು ದೋಣಿಯಲ್ಲೇ ಫೋರ್ಟ್ ಕೊಚ್ಚಿಗೆ ದಾಟುವುದು. ರೂಮಲ್ಲಿ ಗಂಟು ಇಟ್ಟು, ಕತ್ತಲಾಗುವ ಮುಂಚೆ ಚೀನಾ ಮೀನುಬಲೆಗಳ ಹತ್ತಿರ ಹೋಗಿ ನಿಲ್ಲುವುದು. ಬೆಳಿಗ್ಗೆ ಅಪ್ಪಂ. ಮಟ್ಟಂಚೇರಿಯ ಅರಮನೆ, ಯಹೂದಿಗಳ ಬೀದಿ. ಅಲ್ಲಿಂದ ಅತ್ತೆಗೆ ಏಲಕ್ಕಿ. ಮಧ್ಯಾಹ್ನ ನಿದ್ದೆ ಎಂದು ಅವಳು, ನಿದ್ದೆಗೆ ಅಲ್ಲಿಗೆ ಯಾಕೆ ಹೋಗಬೇಕು ಎಂದು ಅವನು. ಎರಡನೆಯ ಸಂಜೆ ಬೇರೆ ಏನೂ ಇಲ್ಲ, ದಡದ ಕಲ್ಲಿನ ಮೇಲೆ ಕೂರುವುದಷ್ಟೇ. ಅವನು ಸತ್ತ ಮೇಲೆ ಅವಳು ಯಾರೊಡನೆಯೂ ಇಷ್ಟು ಮಾತಾಡಿರಲಿಲ್ಲ. ದನಿ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು.

"ಆಮೇಲೆ?"

"ಶನಿವಾರ ಬೆಳಿಗ್ಗೆ ಬೇಗ ಎದ್ದು ಹಡಗು ನೋಡೋದು. ಹೊರಗಿನಿಂದ."

"ಆಮೇಲೆ?"

ನಂದಿತಾಳಿಗೆ ಆಮೇಲಿನದು ಗೊತ್ತಿರಲಿಲ್ಲ. ಅಲ್ಲಿಂದ ಮುಂದಕ್ಕೆ ಅವರು ಮಾತಾಡಿಕೊಂಡೇ ಇರಲಿಲ್ಲ.

ಚಾಂದ್ ಬೀ ಮಡಿಚಿದ ಬಟ್ಟೆಯನ್ನು ಮುಚ್ಚಳದೊಳಗೆ ಇಟ್ಟು ಜಿಪ್ಪು ಎಳೆದರು. ತಳ್ಳು ಎಂದು ಕೈಯಲ್ಲೇ ಮಂಚದ ಕೆಳಗೆ ತೋರಿಸಿದರು. ನಂದಿತಾ ಮಂಡಿಯೂರಿ ಬಗ್ಗಿದಳು. ಕೆಂಪು ಗಾರೆಯ ನೆಲದಲ್ಲಿ ಸೂಟ್‌ಕೇಸಿನಷ್ಟೇ ಅಗಲಕ್ಕೆ ಬಣ್ಣ ಮಾಸದೆ ಉಳಿದ ಜಾಗವಿತ್ತು. ಅವಳು ಮೆಲ್ಲನೆ ತಳ್ಳಿದಳು. ಚಕ್ರಗಳು ಉರುಳುತ್ತಾ ಹೋಗಿ, ಗೋಡೆಗೆ ತಾಗಿ, ಅಲ್ಲೇ ನಿಂತವು.