ಇಪ್ಪತ್ತಮೂರೂವರೆ ಇಂಚಿನ ತಲೆ

ವೆಂಡೆಲ್ ಗ್ಯಾಡ್ಸನ್ ಯಾರನ್ನು ಭೇಟಿಯಾದರೂ ಮೊದಲು ಮುಖ ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದರು. ಹೆಸರು ಕೇಳುವ ಮುಂಚೆಯೇ ಹಣೆಯಿಂದ ಹಿಂದಲೆಯವರೆಗೆ ಕಣ್ಣಾಡಿಸಿ, "ಇಪ್ಪತ್ತೊಂದೂ ಮುಕ್ಕಾಲು," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡು, ಆಮೇಲೆಯೇ "ಬಾ ಬೇಬಿ, ಕೂತ್ಕೋ" ಎನ್ನುವುದು ಅವರ ರೂಢಿ. ತುಟಿಗಳ ನಡುವೆ ಸದಾ ನಾಲ್ಕಾರು ಗುಂಡುಸೂಜಿ. ಹೀಗಾಗಿ ಮಾತೆಲ್ಲ ಬಾಯಿಯ ಎಡಗಡೆಯಿಂದಲೇ ಹೊರಬರುತ್ತಿತ್ತು. ಅಮೆರಿಕದ ಷಾರ್ಲಟ್ಟಿನ ಬೀಟೀಸ್ ಫೋರ್ಡ್ ರಸ್ತೆಯ ಒಂದು ಕಿರಿದಾದ ಅಂಗಡಿಯಲ್ಲಿ ಅವರು ಮೂವತ್ತು ವರ್ಷಗಳಿಂದ ಹ್ಯಾಟು ಮಾಡುತ್ತಿದ್ದರು: ಕಪ್ಪು ಜನರ ಚರ್ಚಿಗೆ ಭಾನುವಾರ ಹೆಂಗಸರು ಇಟ್ಟುಕೊಂಡು ಹೋಗುವ, ಗರಿ, ಜಾಲರಿ, ರೇಷ್ಮೆಯ ಹೂವುಗಳಿಂದ ತುಂಬಿದ, ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಷ್ಟು ಅಗಲದ ಹ್ಯಾಟುಗಳು.

ವಿನೋದಾ ವೆಂಡೆಲ್‌ರನ್ನು ಮೊದಲು ಕಂಡದ್ದು ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ. ಊರಿನ ಇನ್ನೊಂದು ತುದಿಯ ಬ್ಯಾಲಂಟೈನ್‌ನಲ್ಲಿದ್ದ ಅವಳ ಬ್ಯಾಂಕಿನ ಕೆಲಸ ಕೋವಿಡ್‌ನಿಂದಾಗಿ ಮನೆಯಿಂದಲೇ ನಡೆಯುತ್ತಿತ್ತು. ಉಳಿದ ಹೊತ್ತಿನಲ್ಲಿ ಅವಳು ಆಸ್ಪತ್ರೆಗೆಂದು ಮಾಸ್ಕ್ ಹೊಲಿಯುತ್ತಿದ್ದಳು. ಊರಿನಲ್ಲೆಲ್ಲೂ ಎಲಾಸ್ಟಿಕ್ ಇರಲಿಲ್ಲ.

"ಒಂದು ಎಲಾಸ್ಟಿಕ್‌ಗೋಸ್ಕರ ಅಷ್ಟು ದೂರ ಡ್ರೈವ್ ಮಾಡ್ತೀಯಾ?" ಎಂದ ಗಂಡ ಯತೀಶ್.

"ಹ್ಯಾಟ್ ಅಂಗಡೀಲಿ ಇದ್ಯಂತೆ. ಬೇಡ ಅಂದ್ರೆ ನಿನ್ನ ಪೈಜಾಮದ್ದೇ ಕಟ್ ಮಾಡ್ತೀನಿ, ನೋಡು."

ಎಲಾಸ್ಟಿಕ್ ಸಿಕ್ಕಿತು. ಆದರೆ ಅವಳು ಮತ್ತೆ ಮತ್ತೆ ಹೋದದ್ದು ಅದಕ್ಕಲ್ಲ, ಕುತೂಹಲಕ್ಕೆ. ಅಷ್ಟು ಹ್ಯಾಟುಗಳ ನಡುವೆ ಬದುಕುವ ಮನುಷ್ಯ ಒಂದನ್ನೂ ತನ್ನ ತಲೆಯ ಮೇಲಿಟ್ಟು ನೋಡುತ್ತಿರಲಿಲ್ಲ. ಕನ್ನಡಿ ಗಿರಾಕಿಯ ಕಡೆಗೆ ತಿರುಗಿರುತ್ತಿತ್ತು. ಕೇಳಿದರೆ, "ಅಚ್ಚು ಇದೆಯಲ್ಲ," ಎಂದು ಮರದ ತಲೆಯನ್ನು ತಟ್ಟುತ್ತಿದ್ದರು.

ಕಾರಣವನ್ನು ಒಂದು ಮಧ್ಯಾಹ್ನ, ಹ್ಯಾಟಿನ ಫೆಲ್ಟ್ ಬಟ್ಟೆಗೆ ಹಬೆ ಹಿಡಿಯುತ್ತಾ, ಬೇರೆ ಯಾರದೋ ಕತೆಯೆಂಬಂತೆ ಹೇಳಿದರು. ಹನ್ನೆರಡನೆಯ ವಯಸ್ಸಿನಲ್ಲಿ ಅಜ್ಜಿಯ ಹ್ಯಾಟು ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಅಪ್ಪ ಬಂದರು. ಹೊಡೆಯಲಿಲ್ಲ, ಬೈಯಲಿಲ್ಲ, ಹ್ಯಾಟು ತೆಗೆದು ಪೆಟ್ಟಿಗೆಯಲ್ಲಿಟ್ಟು, ಎರಡು ವಾರ ಮಗನೊಂದಿಗೆ ಮಾತಾಡಲಿಲ್ಲ. ಹತ್ತೊಂಬತ್ತಕ್ಕೆ ವೆಂಡೆಲ್ ತಾನು ಗಂಡಸರನ್ನು ಪ್ರೀತಿಸುವವನೆಂದು ಮನೆಯಲ್ಲಿ ಹೇಳಿದರು. ಅಂದಿನಿಂದ ಚರ್ಚಿನಲ್ಲಿ ಅವರ ಜಾಗ ಬಾಗಿಲ ಪಕ್ಕದ ಕೊನೆಯ ಬೆಂಚು. ಹೋಗು ಎಂದು ಯಾರೂ ಹೇಳಲಿಲ್ಲ. ಮುಂದೆ ಬಾ ಎಂದೂ ಹೇಳಲಿಲ್ಲ. ಅಲ್ಲಿಂದ ಅವರು ಪ್ರತಿ ವಾರ ನೋಡುತ್ತಿದ್ದದ್ದು ತಾವೇ ಮಾಡಿದ ಹ್ಯಾಟುಗಳ ಬೆನ್ನನ್ನು.

ಇನ್ನೊಂದು ಹಟವೂ ಅವರಿಗಿತ್ತು: ಗೊತ್ತಿರುವ ತಲೆಯಿಲ್ಲದೆ ಹ್ಯಾಟು ಮಾಡುವುದಿಲ್ಲ. ಆದರೆ ಆ ವರ್ಷ ಚರ್ಚುಗಳು ಮುಚ್ಚಿ, ಗಿರಾಕಿಗಳು ಬರುವುದು ನಿಂತು, ಕೈ ಸುಮ್ಮನಿರಲಾರದೆ ಅವರು ಯಾರಿಗೂ ಅಲ್ಲದ ಹ್ಯಾಟುಗಳನ್ನು ಮಾಡತೊಡಗಿದರು. ಅಕ್ಟೋಬರಿನ ಹೊತ್ತಿಗೆ ಹದಿನಾಲ್ಕು. ಆನ್‌ಲೈನ್‌ನಲ್ಲಿ ಹಾಕೋಣ ಎಂದು ವಿನೋದಾ ಒಂದೊಂದನ್ನೂ ಅಳೆದು ಬರೆದುಕೊಂಡಳು. ತಪ್ಪಾಯಿತೆನಿಸಿ ಮತ್ತೊಮ್ಮೆ ಅಳೆದಳು.

"ವೆಂಡೆಲ್, ಎಲ್ಲ ಇಪ್ಪತ್ತಮೂರೂವರೆ ಇವೆ. ಯಾರ ತಲೆ ಇದು?"

"ಯಾರದೂ ಅಲ್ಲ ಬೇಬಿ. ಅಚ್ಚು ಚಿಕ್ಕದು ಅನ್ನಿಸ್ತು, ಬಟ್ಟೆ ಸುತ್ತಿದೆ. ಕೈಗೆ ಸರಿ ಅನ್ನಿಸೋವರೆಗೆ ಸುತ್ತಿದೆ."

ಅವಳು ಟೇಪನ್ನು ಹಾಗೆಯೇ ಹಿಡಿದು ನಿಂತಳು. ಅವರು ಅದನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಸಾವಿರಾರು ತಲೆ ಅಳೆದವರ ತಲೆಯನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ. ಅವಳು ಟೇಪನ್ನು ಅವರ ತಲೆಗೆ ಸುತ್ತಿದಳು; ಅಳತೆ ಹೇಳುವ ಅಗತ್ಯ ಬೀಳಲಿಲ್ಲ. ಅವರು ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದಿಟ್ಟು, ಮೊದಲ ಸಲ ಪೂರ್ತಿ ಬಾಯಿ ತೆರೆದು ಮಾತಾಡಿದರು: "ಆರು ತಿಂಗಳಿಂದ ನನ್ನದೇ ಕೈ ನನಗೆ ಹೇಳದೆ ಕೆಲಸ ಮಾಡ್ತಿದೆ."

ಹ್ಯಾಟುಗಳು ಆನ್‌ಲೈನ್‌ಗೆ ಹೋಗಲಿಲ್ಲ. ಮೊದಮೊದಲು ಅಂಗಡಿಯ ಬಾಗಿಲು ಹಾಕಿ ಐದು ನಿಮಿಷ, ಮುಂದೆ ಇಡೀ ದಿನ, ಅವರು ಅವುಗಳನ್ನು ತಲೆಯ ಮೇಲಿಟ್ಟುಕೊಂಡೇ ಹೊಲಿಯತೊಡಗಿದರು. ಚಂದ ಕಾಣುತ್ತಾ ಎಂದು ವಿನೋದಾಳನ್ನು ಒಮ್ಮೆಯೂ ಕೇಳಲಿಲ್ಲ. ಬೇರೆಯವರ ವಿಷಯದಲ್ಲಾದರೆ ಅಂಚು ಕಾಲಿಂಚು ವಾಲಿದರೂ ಬಿಚ್ಚಿ ಹೊಲಿಯುವ ಮನುಷ್ಯ, ಇಲ್ಲಿ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಈಸ್ಟರಿಗೆ ಚರ್ಚು ಮತ್ತೆ ತುಂಬಿತು. ವೆಂಡೆಲ್ ನೇರಳೆ ಬಣ್ಣದ ಅಗಲ ಹ್ಯಾಟಿನಲ್ಲಿ, ಬೂದುಬಣ್ಣದ ಸೂಟಿನಲ್ಲಿ, ಮೆಟ್ಟಿಲು ಹತ್ತಿದರು; ಬೆನ್ನಿಗೆ ವಿನೋದಾ. ಆ ಚರ್ಚಿನಲ್ಲಿ ಹೆಂಗಸರ ಹ್ಯಾಟು ಒಳಗೆ ಹೋಗುತ್ತದೆ, ಗಂಡಸರದು ಬಾಗಿಲಲ್ಲೇ ಕೈಗಿಳಿಯುತ್ತದೆ. ಬಿಳಿ ಗ್ಲೌಸು ಹಾಕಿಕೊಂಡು ನಿಂತಿದ್ದ ಚರ್ಚಿನ ಹಿರಿಯ, ಡೀಕನ್ ಮೋಸ್ಲಿ ಕೈ ಚಾಚಿದರು.

"ಹ್ಯಾಟು, ಬ್ರದರ್ ಗ್ಯಾಡ್ಸನ್."

"ಇದು ತೆಗೆಯೋ ಹ್ಯಾಟಲ್ಲ, ಡೀಕನ್."

"ಗಂಡಸರು ತೆಗೀತಾರೆ."

ವೆಂಡೆಲ್ ಕದಲಲಿಲ್ಲ. ಹಿಂದಕ್ಕೆ ಹೋಗಬಹುದಿತ್ತು, ಹ್ಯಾಟು ತೆಗೆದು ಕೊನೆಯ ಬೆಂಚಿಗೂ ಹೋಗಬಹುದಿತ್ತು. ಮೆಟ್ಟಿಲ ಮೇಲೆ ಸಾಲು ಬೆಳೆಯಿತು: ಹಳದಿ, ಬಿಳಿ, ತಿಳಿಗುಲಾಬಿ, ಎಲ್ಲವೂ ಅವರ ಕೈಯ ಕೆಲಸವೇ. ಸಾಲಿನಿಂದ ಎಂಬತ್ತು ದಾಟಿದ ಮಿಸ್ ಅರ್ಲೀನ್‌ರ ದನಿ ಬಂತು: "ಮೋಸ್ಲಿ, ನನ್ನ ಮಂಡಿ ನೋಯ್ತಿದೆ. ಒಳಗೆ ಬಿಡ್ತೀಯೋ, ಅಥವಾ ಅವನು ಮಾಡಿದ್ದನ್ನೆಲ್ಲ ನಾವೂ ತೆಗೆದು ನಿನ್ನ ಕೈಗೆ ಕೊಡೋಣವೋ?"

ಡೀಕನ್ ಪಕ್ಕಕ್ಕೆ ಸರಿದರು. ಎಲ್ಲರಿಗೂ ಕೊಡುತ್ತಿದ್ದ ಪ್ರಾರ್ಥನೆಯ ಹಾಳೆಯನ್ನು ಮಾತ್ರ ವೆಂಡೆಲ್‌ಗೆ ಕೊಡಲಿಲ್ಲ. ವೆಂಡೆಲ್ ಮೂರನೆಯ ಸಾಲಿನಲ್ಲಿ ಕೂತರು. ಅಲ್ಲಿದ್ದ ಒಂದು ಕುಟುಂಬ ಎದ್ದು ಬೇರೆ ಕಡೆ ಹೋಯಿತು. ಅವರು ಆ ಖಾಲಿ ಜಾಗವನ್ನು ನೋಡಿ, ಅದರ ಮೇಲೆ ಆರಾಮಾಗಿ ತೋಳು ಚಾಚಿಕೊಂಡು, ಹಾಡು ಶುರುವಾದಾಗ ಎಲ್ಲರಿಗಿಂತ ಅರ್ಧ ತಾಳ ಮುಂಚೆ ದನಿ ಎತ್ತಿದರು.

ಕೈಕೆಲಸದಲ್ಲಿ ಬದುಕು ಕಳೆಯುವವರಲ್ಲಿ ಇಂಥದೊಂದು ಜಾತಿಯಿದೆ. ತಮ್ಮನ್ನು ತಾವು ಒಪ್ಪಿಕೊಳ್ಳಬೇಕೆಂದು ಅವರು ಹೊರಡುವುದಿಲ್ಲ. ಆ ಮಾತು ಅವರಿಗೆ ಸಂಕೋಚದ್ದು. ಲೋಕ ಕೊಟ್ಟ ಜಾಗದಲ್ಲಿ ಕೂತು, ಬೇರೆಯವರ ಚಂದಕ್ಕೆಂದು ಬಟ್ಟೆ ಕತ್ತರಿಸುತ್ತಾರೆ, ಬಣ್ಣ ಕಲಸುತ್ತಾರೆ. ಬಾಯಿ ವರ್ಷಗಟ್ಟಲೆ ನುಂಗಿದ್ದನ್ನು ಕೈ ಸದ್ದಿಲ್ಲದೆ ಮಾಡಿ ಮುಗಿಸಿರುತ್ತದೆ. ಕೊನೆಗೆ ಅವರಿಗೆ ಉಳಿಯುವ ಧೈರ್ಯದ ಕೆಲಸ ಒಂದೇ: ಮಾಡಿದ್ದು ನನಗೇ ಎಂದು ಒಪ್ಪಿ, ಅದರ ಕೆಳಗೆ ಬಂದು ನಿಲ್ಲುವುದು.