ಬಾಳವ್ವನನ್ನು ಹೊತ್ತ ಗಾಡಿ

ನಾನು ಪಿಕಪ್ ಗಾಡಿ. ಲಾರಿಯವರು ನನ್ನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಾರಿನವರು ದಾರಿ ಬಿಡುವುದಿಲ್ಲ. ಇರಲಿ ಬಿಡಿ. ಬೆನ್ನ ಮೇಲೆ ನಾನು ಹೊತ್ತದ್ದನ್ನು ಅವರು ಹೊತ್ತಿದ್ದರೆ ಅರ್ಧ ದಾರಿಯಲ್ಲೇ ಬಾಯಿಬಾಯಿ ಬಿಡುತ್ತಿದ್ದರು.

ನಾನು ಹುಟ್ಟಿದ್ದು ತಗಡಿನ ದೊಡ್ಡ ಶೆಡ್ಡಿನಲ್ಲಿ. ಮೊದಲು ಚಾಸಿ ಬಂತು, ಆಮೇಲೆ ಚಕ್ರ, ಕೊನೆಗೆ ಎಂಜಿನ್. ಮೊದಲ ಸಲ ಚಾವಿ ತಿರುಗಿಸಿದಾಗ ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ. ಏಳು ವರ್ಷ ಮುಂಡರಗಿಯ ವ್ಯಾಪಾರಿಯೊಬ್ಬನ ಟೊಮೆಟೊ ಹೊತ್ತೆ. ಆಮೇಲೆ ಪೆಂಡಾಲಿನವನ ಕುರ್ಚಿ, ಹಂಡೆ, ಬಿದಿರಿನ ಗಳ ಹೊತ್ತೆ. ಆ ದಿನಗಳಲ್ಲಿ ನಾನು ಹೋದಲ್ಲೆಲ್ಲ ಮದುವೆ! ಮಕ್ಕಳು ನನ್ನ ಮೇಲೆ ಹತ್ತಿ ಕುಣಿಯುತ್ತಿದ್ದರು. ಸುಖದ ದಿನಗಳು ಅವು.

ಮೂರನೆಯ ಮಾಲೀಕ ಗುರುಸಿದ್ಧ. ಅವನು ನನ್ನನ್ನು ಹೆಣದ ಗಾಡಿ ಮಾಡಿದ. ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಅವರವರ ಹಳ್ಳಿಗೆ ಮುಟ್ಟಿಸುವುದು ನಮ್ಮ ಕೆಲಸ. ನಾನು ಓಣಿಗೆ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನನಗೆ ಹೊಟ್ಟೆಯುರಿಯುತ್ತಿತ್ತು. ನಾನೇನು ಯಾರನ್ನಾದರೂ ಕೊಂದಿದ್ದೆನೇ?

ಒಂದು ಬೇಸಿಗೆಯಲ್ಲಿ ನನಗೊಂದು ಕಾಯಿಲೆ ಹತ್ತಿಕೊಂಡಿತು. ಚಾವಿ ತಿರುಗಿಸಿದರೆ ಒಂದೇ ಏಟಿಗೆ ಚಾಲೂ ಆಗುತ್ತಿದ್ದೆ. ಒಂದೆರಡು ಮೈಲಿ ಹೋಗುವಷ್ಟರಲ್ಲಿ ಒಳಗಿನಿಂದ ಯಾರೋ ನನ್ನ ಗಂಟಲಿಗೆ ಅಂಗೈ ಒತ್ತಿದ ಹಾಗಾಗುತ್ತಿತ್ತು. ಎರಡು ಸಲ ಬಿಕ್ಕಿ ನಿಂತುಬಿಡುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಆ ಕೈ ತಾನೇ ಸಡಿಲವಾಗುತ್ತಿತ್ತು. ಮತ್ತೆ ಚಾವಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತಿದ್ದೆ.

ಬೇರೆ ಗಾಡಿ ಹೀಗೆ ನಿಂತರೆ ಜನ ಡ್ರೈವರನನ್ನು ಬೈಯುತ್ತಾರೆ. ಹೆಣದ ಗಾಡಿ ನಿಂತರೆ ಹೆಣದ ಕಡೆ ನೋಡುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊರಟ ಹೆಣ ನಡುದಾರಿಯಲ್ಲಿ ನಿಲ್ಲಬಾರದು. ನಿಂತರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಒಬ್ಬ ಮುದುಕನ ಬಾಯಿಗೆ ಅವನ ಮಕ್ಕಳು ಒಂದು ತೊಟ್ಟು ಸಾರಾಯಿ ಬಿಟ್ಟರು, ನಾನು ಚಾಲೂ ಆದೆ. ಇನ್ನೊಬ್ಬಾಕೆಯ ಎದುರು ಮೊಮ್ಮಗಳನ್ನು ಎತ್ತಿ ತೋರಿಸಿದರು, ಆಗಲೂ ಚಾಲೂ ಆದೆ. ಸತ್ತವರ ಮನಸ್ಸು ಹೇಳುವ ಗಾಡಿ ಎಂದು ಸುತ್ತಲೆಲ್ಲ ಹೆಸರಾಯಿತು. ಹತ್ತು ನಿಮಿಷ ಕಾದರೆ ನಾನು ತಾನಾಗಿಯೇ ಹೊರಡುತ್ತೇನೆಂದು ಗುರುಸಿದ್ಧನಿಗೆ ಗೊತ್ತಿತ್ತು. ಆದರೂ ಅವನು ತುಟಿ ಬಿಚ್ಚಲಿಲ್ಲ. ನಿಜ ಹೇಳಲೇ? ಹೊಟ್ಟೆಯೊಳಗೆ ಯಾರೋ ಇದ್ದಾರೆಂದು ನನಗೂ ಭಯವಾಗತೊಡಗಿತ್ತು.

ಹಾಗಿರುವಾಗ ಬಾಳವ್ವನ ದಿನ ಬಂತು.

ಬಾಳವ್ವ ಎರಡು ವರ್ಷ ಹಾಸಿಗೆ ಹಿಡಿದು, ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ ಮುದುಕಿ. ಅವಳನ್ನು ನನ್ನ ಮೇಲೆ ಕುರ್ಚಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹಗ್ಗ ಬಿಗಿದಿದ್ದರು. ಪಕ್ಕದಲ್ಲಿ ಮಗ ಮಲ್ಲೇಶಪ್ಪ, ಸೊಸೆ ಸುವರ್ಣ, ಬಾಳವ್ವನ ತಮ್ಮ ದ್ಯಾಮಣ್ಣ, ಇನ್ನು ನಾಲ್ಕು ಜನ ನೆಂಟರು. ಎರಡು ವರ್ಷ ಅತ್ತೆಯನ್ನು ಎತ್ತಿ ಇಳಿಸಿ, ತೊಳೆದು, ಉಣಿಸಿದವಳು ಸುವರ್ಣ. ಹೆಣದ ತಲೆ ವಾಲದಂತೆ ಈಗಲೂ ಹಿಡಿದುಕೊಂಡಿದ್ದವಳು ಅವಳೇ.

ನಡು ಮಧ್ಯಾಹ್ನ. ಕೆರೆ ಏರಿಯ ಮೇಲೆ ಬಂದಾಗ ಒಳಗಿನ ಕೈ ನನ್ನ ಗಂಟಲು ಹಿಡಿಯಿತು. ನಾನು ನಿಂತೆ. ಗಾಳಿಯೂ ನಿಂತಿತ್ತು. ಒಣಗಿದ ಕೆರೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಗುರುಸಿದ್ಧ ಚಾವಿ ತಿರುಗಿಸಿದ. ಒಂದು ಮಾರು ಹೋಗಿ ಮತ್ತೆ ನಿಂತೆ.

"ಗಾಡಿ ಕೆಟ್ಟಿಲ್ಲೋ," ಎಂದ ದ್ಯಾಮಣ್ಣ. "ಅಕ್ಕಗ ಯಾರ ಮ್ಯಾಲೋ ಸಿಟ್ಟೈತಿ. ಅವರ ಜೋಡಿ ಬರಾಕ ಒಲ್ಲೆ ಅನ್ನಾಕತ್ಯಾಳ. ಒಬ್ಬೊಬ್ಬರ ಇಳೀರಿ, ಯಾರಂತ ಗೊತ್ತಾಕ್ಕೈತಿ."

ಮೊದಲು ಅವನೇ ಇಳಿದ. ಗುರುಸಿದ್ಧ ಚಾವಿ ತಿರುಗಿಸಿದ. ಬಿಕ್ಕಿದೆ, ನಿಂತೆ. ನೆಂಟರು ಒಬ್ಬೊಬ್ಬರಾಗಿ ಇಳಿದರು. ಪ್ರತಿ ಸಲವೂ ಅದೇ ಕಥೆ. ಇಳಿದವರ ಮುಖದಲ್ಲಿ ಬದುಕಿದೆಯಾ ಬಡಜೀವ ಎನ್ನುವ ನಿಟ್ಟುಸಿರು. ಮಲ್ಲೇಶಪ್ಪ ಇಳಿದ. ಬಿಕ್ಕಿದೆ, ನಿಂತೆ. ಉಳಿದವಳು ಸುವರ್ಣ ಒಬ್ಬಳೇ.

"ನಾನು ಇಳಿದ್ರ ಅತ್ತಿ ತಲಿ ಯಾರು ಹಿಡೀತಾರ?" ಎಂದಳು.

"ಇಳಿ ಅಂದ್ರ ಇಳಿ!" ಎಂದ ಮಲ್ಲೇಶಪ್ಪ.

ಇಳಿದಳು. ಈ ಜಗ್ಗಾಟದಲ್ಲಿ ಯಾರೂ ಚಾವಿ ಮುಟ್ಟದೆ ಹತ್ತು ನಿಮಿಷ ಕಳೆದಿತ್ತು. ಗುರುಸಿದ್ಧ ಚಾವಿ ಮುಟ್ಟಿದ್ದೇ ತಡ, ನಾನು ಗುಡುಗಿದೆ. ಬೇಡ, ಬೇಡ, ಈಗ ಬೇಡ ಎಂದು ಎಷ್ಟು ಒದ್ದಾಡಿದರೂ ನನ್ನ ಎಂಜಿನ್ ನನ್ನ ಮಾತು ಕೇಳಲಿಲ್ಲ. ಎಲ್ಲರೂ ಹತ್ತಿಕೊಂಡರು. ಯಾರೂ ಅವಳ ಕಡೆ ನೋಡಲಿಲ್ಲ. ಸುವರ್ಣ ಸುಡುವ ರಸ್ತೆಯಲ್ಲಿ ನನ್ನ ಹಿಂದೆ ನಡೆದುಬಂದಳು. ಕನ್ನಡಿಯಲ್ಲಿ ಅವಳು ಚಿಕ್ಕದಾಗುತ್ತ ಹೋಗುವುದನ್ನು ಗುರುಸಿದ್ಧ ನೋಡಿದ. ಬ್ರೇಕಿನ ಮೇಲೆ ಕಾಲಿಟ್ಟ, ತೆಗೆದ. ಮಣ್ಣು ಕೊಡುವಾಗ ಅವಳನ್ನು ಹತ್ತಿರ ಬಿಡಲಿಲ್ಲವಂತೆ. ಮನೆಯಲ್ಲಿ ಇಟ್ಟುಕೊಳ್ಳುವುದೂ ಬೇಡ, ತವರಿಗೆ ಬಿಟ್ಟುಬಾ ಎಂದು ದ್ಯಾಮಣ್ಣ ಮಲ್ಲೇಶಪ್ಪನಿಗೆ ಹೇಳಿದನಂತೆ.

ಆಮೇಲೆ ನಾನು ಊರೊಳಗೂ ಓಡದಾದೆ. ಗುರುಸಿದ್ಧ ಎಳೆಸಿಕೊಂಡು ಹೋಗಿ ಗದಗಿನ ದಾವಲಸಾಬನ ಗ್ಯಾರೇಜಿನಲ್ಲಿ ನಿಲ್ಲಿಸಿದ. ದಾವಲಸಾಬ ಕಡಿಮೆ ಮಾತಿನ ಮುದುಕ. ಬಾನೆಟ್ಟಿಗೆ ಕಿವಿ ಹಚ್ಚಿ ಕೇಳಿದ. ಡೀಸೆಲ್ ಫಿಲ್ಟರ್ ಬದಲಿಸಿದ, ನಾನು ನಿಂತೆ. ಪೈಪಿನ ಗಾಳಿ ತೆಗೆದ, ಮತ್ತೆ ನಿಂತೆ. ಆಮೇಲೆ ನನ್ನ ಟ್ಯಾಂಕಿನ ಪೈಪು ಬಿಚ್ಚಿ, ಡೀಸೆಲ್ ತುಂಬಿದ ಕ್ಯಾನೊಂದನ್ನು ಮೇಲೆ ಕಟ್ಟಿ, ಅದರಿಂದ ನೇರವಾಗಿ ಎಂಜಿನ್ನಿಗೆ ಕೊಟ್ಟ. ಅರ್ಧ ಗಂಟೆ ಓಡಿದೆ. ಒಂದು ಬಿಕ್ಕೂ ಇಲ್ಲ!

"ಎಂಜಿನ್ ಹುಲಿ ಆಗೈತಿ. ರೋಗ ಇರೋದು ಟ್ಯಾಂಕಿನಾಗ," ಎಂದ.

ಟ್ಯಾಂಕು ಬರಿದು ಮಾಡಿ ತಂತಿಯ ಕೊಕ್ಕೆ ಇಳಿಬಿಟ್ಟ. ಸ್ವಲ್ಪ ಸ್ವಲ್ಪವೇ ಹೊರಬಂತು ಒಂದು ಬಿಳಿ ಬಟ್ಟೆಯ ಪಟ್ಟಿ. ಡೀಸೆಲ್ ಎಳೆದಾಗ ಅದು ಹೋಗಿ ಪೈಪಿನ ಬಾಯಿಗೆ ಅಂಟುತ್ತಿತ್ತು, ಎಂಜಿನ್ ನಿಂತಾಗ ಬಿಟ್ಟು ತೇಲುತ್ತಿತ್ತು. ಗುರುಸಿದ್ಧನ ಮುಖ ಬಿಳಿಚಿತು. ಹೆಣದ ಮೇಲೆ ಹೊದಿಸಿದ ಹೊಸ ಬಟ್ಟೆಯನ್ನು ನೆಂಟರು ಅವನಿಗೆ ಕೊಡುತ್ತಿದ್ದರು. ಅದನ್ನು ಮನೆಯ ಹೊಸಿಲು ದಾಟಿಸುವಂತಿಲ್ಲ, ದಾರಿಯಲ್ಲಿ ಎಸೆಯುವಂತಿಲ್ಲ. ಟ್ಯಾಂಕಿನ ಮುಚ್ಚಳ ಕಳೆದುಹೋದಾಗ ಅದನ್ನೇ ಹರಿದು ಬಾಯಿಗೆ ತುರುಕಿದ್ದ. ಒಂದು ತುಂಡು ಒಳಗೆ ಬಿದ್ದಾಗ ಇನ್ನೊಂದನ್ನು ತುರುಕಿದ್ದ. ನನ್ನ ಗಂಟಲಿಗೆ ಒತ್ತುತ್ತಿದ್ದುದು ಹೆಣದ ಬಟ್ಟೆ. ಯಾವ ಹೆಣದ್ದು ಎಂದು ಅವನಿಗೂ ನೆನಪಿರಲಿಲ್ಲ.

ಗುರುಸಿದ್ಧ ಅಲ್ಲೇ ಕುಕ್ಕರಿಸಿ ಕೂತು ಕೆರೆ ಏರಿಯ ಕಥೆಯನ್ನೆಲ್ಲ ಹೇಳಿದ. ದಾವಲಸಾಬ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

"ಆ ಹೆಣ್ಣಮಗಳ ಮನೀಗೆ ಹೋಗಿ ಹೇಳು."

"ಹೇಳಿದ್ರ ನನ್ನ ಯಾರು ಕರೀತಾರ ಚಾಚಾ? ಊರೂರು ಕಲ್ಲು ಹೊಡೀತಾರ."

"ಹೊಡೀಲಿ. ನಿನಗ ಬೀಳಬೇಕಾದ ಕಲ್ಲು ಆಕಿಗೆ ಬಿದ್ದಾವ."

ಮರುದಿನವೇ ಮಲ್ಲೇಶಪ್ಪನಿಂದ ಕರೆ ಬಂತು. ಸುವರ್ಣಳನ್ನು ತವರಿಗೆ ಬಿಡಬೇಕು, ಗಾಡಿ ತಾ ಎಂದ. ಅವನು ಮುಂದೆ ಕೂತ. ಸುವರ್ಣ ಟ್ರಂಕಿನ ಜೊತೆ ಹಿಂದೆ, ಬಾಳವ್ವನ ಕುರ್ಚಿಯಿದ್ದ ಜಾಗದಲ್ಲಿ ಕೂತಳು. ನಾನು ಹೊಸ ಗಾಡಿಯ ಹಾಗೆ ಓಡುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ಕೆರೆ ಏರಿ ದಾಟಿ ಬಹಳ ದೂರ ಹೋದ ಮೇಲೆ ಗುರುಸಿದ್ಧನೇ ಚಾವಿ ತಿರುಗಿಸಿ ನನ್ನನ್ನು ನಿಲ್ಲಿಸಿದ. ಇಳಿದು, ಡೀಸೆಲ್ ವಾಸನೆಯ ಆ ಬಟ್ಟೆ ತೋರಿಸಿ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಮಲ್ಲೇಶಪ್ಪ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದ. ಆಮೇಲೆ, "ಗಾಡಿ ಹಿಂದಕ್ಕ ಹೊಳ್ಳಸು," ಎಂದ.

"ಬ್ಯಾಡ," ಎಂದಳು ಸುವರ್ಣ ಹಿಂದಿನಿಂದ. "ಗಾಡಿ ನಿಲ್ಲಿಸಿದ್ದು ಬಟ್ಟಿ ಇರಬಹುದು. ಇಳಿ ಅಂದವರು ನೀವು. ಮುಂದ ನಡಿ ಅಣ್ಣಾ."

ನಡೆದೆವು. ಅವಳನ್ನು ತವರಿನ ಬಾಗಿಲಲ್ಲಿ ಇಳಿಸಿ ಬಂದೆವು.

ಈಗ ನಾನು ದಾವಲಸಾಬನ ಗ್ಯಾರೇಜಿನ ಹಿಂದೆ, ಹಳೆಯ ಟೈರುಗಳ ನಡುವೆ ಇದ್ದೇನೆ. ಸುದ್ದಿ ಹಬ್ಬಿದ ಮೇಲೆ ಗುರುಸಿದ್ಧನನ್ನು ಯಾರೂ ಕರೆಯಲಿಲ್ಲ. ಎಂಜಿನ್ ಬಿಚ್ಚಿ ಒಯ್ದರು, ಸೀಟು ಇಲಿಗಳ ಪಾಲಾಯಿತು. ಬಟ್ಟೆ ಸಿಕ್ಕಿತು, ಎಲ್ಲ ತಿಳಿಯಿತು ಎಂದು ಜನ ಸುಮ್ಮನಾದರು. ಆದರೆ ನನಗೆ ತಿಳಿದದ್ದು ಇನ್ನೊಂದಿದೆ.

ನಮ್ಮಂಥ ಗಾಡಿಗಳಿಗೆ ಹಿಂದೆ ಕೂತವರ ಮುಖ ಕಾಣುವುದಿಲ್ಲ, ಭಾರ ಮಾತ್ರ ತಿಳಿಯುತ್ತದೆ. ಹತ್ತಿದರೆ ಚಕ್ರದ ಮೇಲಿನ ಕಮಾನು ಪಟ್ಟಿ ಕುಗ್ಗುತ್ತದೆ, ಇಳಿದರೆ ಮೇಲೇಳುತ್ತದೆ. ಅದರಲ್ಲಿ ನಾನು ಎಂದೂ ತಪ್ಪಿಲ್ಲ. ಆ ದಿನ ತವರಿನ ಬಾಗಿಲಲ್ಲಿ ಮಲ್ಲೇಶಪ್ಪ ಮುಂದೆಯೇ ಕೂತಿದ್ದ, ಟ್ರಂಕನ್ನು ಗುರುಸಿದ್ಧ ಆಗಲೇ ಇಳಿಸಿದ್ದ. ಸುವರ್ಣ ಇಳಿದಳು, ನನ್ನ ಪಟ್ಟಿ ಮೇಲೆದ್ದಿತು. ಅವಳು ಅತ್ತೆಯನ್ನು ಎತ್ತಿ ಇಳಿಸುವ ಎರಡು ವರ್ಷದ ರೂಢಿಯಂತೆ ಹಿಂದೆ ತಿರುಗಿ, ಖಾಲಿ ಗಾಡಿಯ ಕಡೆ ಎರಡೂ ಕೈ ಚಾಚಿದಳು.

ಆಗ ನನ್ನ ಪಟ್ಟಿ ಮತ್ತೊಮ್ಮೆ, ನಿಧಾನವಾಗಿ ಮೇಲೆದ್ದಿತು.

ಬಾಳವ್ವ ಮಗನ ಮನೆಯಲ್ಲಿ ಉಳಿದಿರಲಿಲ್ಲ, ಸೊಸೆಯ ಜೊತೆ ಹೊರಟುಬಂದಿದ್ದಳು. ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮಲ್ಲೇಶಪ್ಪನಿಗೆ ಇದನ್ನು ಹೇಳಲು ನನಗೆ ಬಾಯಿರಲಿಲ್ಲ.