ಬಾಗಿಲಿಗೆ ಅಡ್ಡವಿದ್ದ ಹೊಲಿಗೆ ಯಂತ್ರ

"ಮೊದಲು ಈ ಮಿಷಿನ್ ಎತ್ತಿ. ಇಲ್ಲಾಂದ್ರೆ ಅಮ್ಮನ್ನ ಹೊರಗೆ ತರೋಕಾಗಲ್ಲ," ಎಂದ ಮಗ.

ಇಬ್ಬರು ಸೇರಿ ಹೊಲಿಗೆ ಯಂತ್ರವನ್ನು ಅಂಗಳಕ್ಕೆ ಸಾಗಿಸಿದರು.

"ಮನೆಯೊಳಗಿನ ಆ ಕತ್ತಲೆ ಓಣೀಲಿ ಯಾಕಿಟ್ಕೊಂಡಿದ್ರೋ," ಎಂದಳು ಪಕ್ಕದ ಮನೆಯಾಕೆ.

"ಸೊಸೆ ಕೋಣೆಗೆ ಕಾವಲು," ಎಂದಳು ಮಗಳು. "ಹೊಟ್ಟೇಲಿ ಹುಟ್ಟಿದ ನಂಗೂ ಅಮ್ಮ ಇಷ್ಟು ಮಾಡ್ಲಿಲ್ಲ."

ಸೊಸೆ ಅತ್ತೆಯ ಹೆಣದ ಮೇಲಿನ ಹೂವಿನ ಹಾರ ಸರಿಪಡಿಸಿದಳು. ಮದುವೆಗೆ ಮೊದಲೇ ಹಿಡಿದ ಗಣಿತದ ಸಂಶೋಧನೆ ಈಗ ಮುಗಿದಿತ್ತು. ಮರುದಿನ ಬೆಳಿಗ್ಗೆ ಪರೀಕ್ಷಕರ ಮುಂದೆ ನಿಂತು ಅದನ್ನು ಸಮರ್ಥಿಸಿಕೊಳ್ಳಬೇಕಿತ್ತು. ತಪ್ಪಿಸಿಕೊಂಡರೆ ಮತ್ತೆ ಕರೆಯುವುದು ಯಾವ ಕಾಲಕ್ಕೋ.

*

ಹೊಸತರಲ್ಲಿ ಅವಳು ಲೆಕ್ಕಕ್ಕೆ ಕೂತರೆ ಸಾಕು, ಮನೆಯವರಿಗೆ ಸೌಟೂ ಸಿಗುತ್ತಿರಲಿಲ್ಲ, ಸಾಬೂನೂ ಸಿಗುತ್ತಿರಲಿಲ್ಲ. ಎಲ್ಲರೂ ಬಾಗಿಲು ತಟ್ಟುವವರೇ. ಒಂದು ದಿನ ಅತ್ತೆ, ಒಳ್ಳೆಯ ಬೆಳಕಿದ್ದ ಕಿಟಕಿ ಬಿಟ್ಟು, ಯಂತ್ರವನ್ನು ಎಳೆದು ತಂದು ಆ ಬಾಗಿಲಿಗೆ ಅಡ್ಡವಾಗಿಟ್ಟರು. ಯಾರೇ ಬರಲಿ, ಒಂದೇ ಮಾತು: "ಒಳಗೆ ಲೆಕ್ಕ ಬೇಯ್ತಿದೆ. ಈಗ ಮುಚ್ಚಳ ತೆಗೆಯೋ ಹಾಗಿಲ್ಲ."

"ನನ್ನ ಕನ್ನಡಕ ಒಳಗಿದೆ ಕಣೇ," ಎಂದು ಮಾವ ಗೊಣಗಿದರೆ, "ಇರ್ಲಿ ಬಿಡಿ. ಪೇಪರ್ ಓದೋದು ಒಂದು ಗಂಟೆ ತಡವಾದ್ರೆ ದೇಶ ಮುಳುಗಲ್ಲ," ಎನ್ನುತ್ತಿದ್ದರು.

ಸೊಸೆಯ ಹಾಳೆಗಳನ್ನು ನೋಡಿ, "ಇದ್ರಲ್ಲಿ ಅಂಕಿನೇ ಇಲ್ವಲ್ಲೇ, ಬರೀ ಅಕ್ಷರ," ಎಂದು ನಕ್ಕವರು ಅತ್ತೆ. ಆದರೂ ಹೊಲಿಯಲು ಬಟ್ಟೆ ಇಲ್ಲದ ದಿನ ದಾರವಿಲ್ಲದ ಯಂತ್ರವನ್ನೇ ತುಳಿಯುತ್ತ ಕೂರುತ್ತಿದ್ದರು. ಆ ಸದ್ದು ಕೇಳಿಸುವಷ್ಟು ಹೊತ್ತು ಯಾರೂ ಒಳಗೆ ಬರುವುದಿಲ್ಲವೆಂಬ ಧೈರ್ಯ ಸೊಸೆಗೆ. ಅಂಥ ಅತ್ತೆ ಹುಡುಕಿದರೂ ಸಿಗುವುದಿಲ್ಲ.

*

ಮಣ್ಣು ಮಾಡಿ ಬಂದು ಎಲ್ಲರೂ ಜಗುಲಿಯಲ್ಲಿ ಕೂತಿದ್ದರು. ಸೊಸೆ ಫೋನ್ ಕೈಗೆತ್ತಿಕೊಂಡಳು.

"ನಾಳೆ ಬರೋಕಾಗಲ್ಲ ಅಂತ ಹೇಳ್ಬಿಡ್ತೀನಿ ಮಾವ."

"ಅದೇ ಸರಿ," ಎಂದಳು ಪಕ್ಕದ ಮನೆಯಾಕೆ. "ಇಲ್ಲಾಂದ್ರೆ ಜನ ಆಡ್ಕೋತಾರೆ."

ಮಾವ ಎದ್ದು ಅಂಗಳಕ್ಕೆ ಹೋದರು. ಯಂತ್ರದ ಒಂದು ಬದಿ ಹಿಡಿದು ಮಗಳತ್ತ ನೋಡಿದರು. "ಬಾ, ಕೈ ಹಾಕು."

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಇನ್ನೊಂದು ಬದಿ ಹಿಡಿದಳು.

"ನೀನು ಒಳಗೆ ಹೋಗಮ್ಮ, ಓದ್ಕೋ," ಎಂದರು ಮಾವ ಸೊಸೆಗೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಸೊಸೆಗೆಂದು ಲೋಟದಲ್ಲಿ ಹಾಲು ತಂದಳು. ಮಗಳು ಬಾಗಿಲ ಹತ್ತಿರವೇ ತಡೆದಳು.

"ಆಮೇಲೆ ಕೊಡಿ. ಒಳಗೆ ಲೆಕ್ಕ ಬೇಯ್ತಿದೆ."

ಅವಳ ಪಕ್ಕದಲ್ಲಿ, ಮತ್ತೆ ಬಾಗಿಲಿಗೆ ಅಡ್ಡವಾದ ಯಂತ್ರದ ಮುಂದೆ ಕೂತು, ಮಾವ ಪೆಡಲ್ ತುಳಿಯಲು ಹೆಣಗುತ್ತಿದ್ದರು. ಚಕ್ರ ಹಿಂದಕ್ಕೆ ತಿರುಗಿ ನಿಂತಿತು. ಮತ್ತೆ ತುಳಿದರು. ದಾರವಿಲ್ಲದ ಸೂಜಿ ಮೆಲ್ಲಗೆ ಏಳುತ್ತ ಬೀಳುತ್ತ ಸದ್ದು ಮಾಡತೊಡಗಿತು. ಒಳಗೆ ಕುರ್ಚಿ ಎಳೆದುಕೊಂಡ ಸದ್ದಾಯಿತು.